ಆನ್‌ಲೈನ್ ಸೇವಾ ಕ್ಲಬ್ ಶುರು ಮಾಡೋದು ಹೇಗೆ, ಮಾಡಿದ್ಮೇಲೆ ಉಳಿಸ್ಕೊಳ್ಳೋದು ಹೇಗೆ

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರು ಅಂತಾರಲ್ಲ, ಆನ್‌ಲೈನ್ ಸೇವಾ ಕ್ಲಬ್ ಶುರು ಮಾಡೋರು ಬಹಳಷ್ಟು ಜನ ಹಾಗೇ ಮಾಡೋದು. ಮೊದಲು ಒಂದು ವಾಟ್ಸಾಪ್ ಗ್ರೂಪು, ಆಮೇಲೆ ಲೋಗೋ, ಆಮೇಲೆ ಪ್ರೆಸಿಡೆಂಟ್ ಯಾರಾಗ್ಬೇಕು ಅನ್ನೋ ಮಾತು, ಮೂರು ತಿಂಗಳು ಕಳೆಯೋ ಹೊತ್ತಿಗೆ ಆ ಗ್ರೂಪಲ್ಲಿ ಗುಡ್ ಮಾರ್ನಿಂಗು, ಹುಟ್ಟುಹಬ್ಬದ ಹಾರೈಕೆ ಬಿಟ್ರೆ ಇನ್ನೇನೂ ಉಳಿದಿರಲ್ಲ. ನಾನು ಅಂಥ ಒಂದು ಕ್ಲಬ್ ಶುರು ಮಾಡಿದ ತಂಡದಲ್ಲಿ ಇದ್ದೆ. ಮೊದಲನೇ ವರ್ಷ ಇನ್ನೇನು ಮುಚ್ಚಿಬಿಡೋಣ ಅನ್ನೋ ತನಕ ಹೋಗಿ, ಎರಡನೇ ವರ್ಷ ಚೇತರಿಸ್ಕೊಂಡ್ವಿ. ಆಗ ಏನು ತಪ್ಪು ಮಾಡಿದ್ವಿ, ಏನು ಸರಿ ಮಾಡ್ಕೊಂಡ್ವಿ ಅನ್ನೋದನ್ನೆಲ್ಲ ಇಲ್ಲಿ ಬರೀತಿದೀನಿ, ಈಗ ಶುರು ಮಾಡ್ಬೇಕು ಅಂತಿರೋರಿಗೆ ಆ ಒಂದು ವರ್ಷನಾದ್ರೂ ಉಳೀಲಿ ಅಂತ.

ಆನ್‌ಲೈನ್ ಕ್ಲಬ್ ಅನ್ನೋದು ಕೊರೊನಾ ಬಂದ್ಮೇಲೆ ಹುಟ್ಟಿದ್ದು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಹಾಗಲ್ಲ. ರೋಟರಿ ಅನ್ನೋ ಸೇವಾ ಸಂಸ್ಥೆಯ ಮೊದಲನೇ ಇ-ಕ್ಲಬ್, ಅಂದ್ರೆ ಆನ್‌ಲೈನಲ್ಲೇ ಸೇರೋ ಕ್ಲಬ್, ಅಮೆರಿಕದ ಕೊಲರಾಡೋ ಕಡೆ 2002ರಲ್ಲೇ ಶುರುವಾಯ್ತು. 2004ರಿಂದ ರೋಟರಿ ಇದನ್ನ ಪ್ರಯೋಗ ಅಂತ ಕೆಲವು ಕ್ಲಬ್‌ಗಳಲ್ಲಿ ನಡೆಸಿ ನೋಡ್ತು, 2010ರಲ್ಲಿ ಇ-ಕ್ಲಬ್ಬುಗಳನ್ನ ಕಾಯಂ ಮಾಡ್ತು, 2016ರಲ್ಲಿ ಯಾವ ಕ್ಲಬ್ ಬೇಕಾದ್ರೂ ಮುಖಾಮುಖಿ ಸೇರ್ಬೋದು, ಆನ್‌ಲೈನ್ ಸೇರ್ಬೋದು, ಎರಡೂ ಬೆರೆಸ್ಕೋಬೋದು ಅಂತ ನಿಯಮ ಸಡಿಲ ಆಯ್ತು. ಅಂದ್ರೆ ವಿಡಿಯೋ ಕಾಲ್ ಅನ್ನೋದು ಮನೆಮಾತಾಗೋಕೆ ಎಷ್ಟೋ ವರ್ಷ ಮುಂಚೇನೇ ಇದು ನಡೀತಿತ್ತು. ಅವಾಗ ಈ ಇ-ಕ್ಲಬ್ಬಿನೋರು ಏನ್ ಮಾಡ್ತಿದ್ರು ಗೊತ್ತಾ, ವಾರದ ಕಾರ್ಯಕ್ರಮನ ವೆಬ್‌ಸೈಟಲ್ಲಿ ಹಾಕೋರು, ಮೆಂಬರ್‌ಗಳು ಅವರವರಿಗೆ ಬಿಡುವಾದಾಗ ಬಂದು ಓದಿ, ನೋಡಿ, ತಮ್ಮ ಅಭಿಪ್ರಾಯ ಬರೆದು ಹೋಗೋರು. ಒಂದೇ ಹೊತ್ತಿಗೆ ಎಲ್ರೂ ಕೂತ್ಕೋಬೇಕು ಅನ್ನೋದೇ ಇರ್ಲಿಲ್ಲ. ಈ ವಿಷಯಕ್ಕೆ ಆಮೇಲೆ ಬರ್ತೀನಿ, ನಮ್ಮ ಕ್ಲಬ್ ಉಳಿದಿದ್ದಕ್ಕೆ ಇದೂ ಒಂದು ಕಾರಣ.

ಮೊದಲು ಕೆಲಸ ಹುಡುಕಿ, ಜನ ಆಮೇಲೆ

ನಾವು ಮಾಡಿದ ದೊಡ್ಡ ತಪ್ಪು ಇದೇ. ಇಪ್ಪತ್ತಕ್ಕಿಂತ ಜಾಸ್ತಿ ಜನ ಸೇರಿಸಿಬಿಟ್ವಿ, ಆಮೇಲೆ ಕೂತ್ಕೊಂಡು ಈಗ ಏನ್ ಮಾಡೋಣ ಅಂತ ಯೋಚನೆ ಮಾಡಿದ್ವಿ. ಒಬ್ರಿಗೆ ಗಿಡ ನೆಡ್ಬೇಕು, ಒಬ್ರಿಗೆ ರಕ್ತದಾನ, ಇನ್ನೊಬ್ರಿಗೆ ಮಕ್ಕಳಿಗೆ ಪಾಠ, ಎಲ್ಲಾನೂ ಒಳ್ಳೇದೇ, ಆದ್ರೆ ಒಬ್ಬೊಬ್ರೂ ಒಂದೊಂದು ಊರಲ್ಲಿ, ಒಂದೊಂದು ದೇಶದಲ್ಲಿ ಇದ್ರೆ ಗಿಡ ಎಲ್ಲಿ ನೆಡ್ತೀರಿ? ಊರಲ್ಲಿರೋ ಕ್ಲಬ್ಬಿಗೆ ಅದರ ಊರೇ ಕೆಲಸ ತೋರಿಸ್ಕೊಡತ್ತೆ, ಮುರಿದ ಬೆಂಚು, ಬಣ್ಣ ಹೋದ ಶಾಲೆ ಗೋಡೆ, ಎಲ್ಲಾ ಕಣ್ಣಿಗೆ ಬೀಳತ್ತೆ. ಆನ್‌ಲೈನ್ ಕ್ಲಬ್ಬಿಗೆ ಊರಿಲ್ಲ. ಅದಕ್ಕೇ ಕೆಲಸನ ನಾವೇ ಹುಡುಕಿ, ಹೆಸರಿಟ್ಟು, ಅಳತೆ ಹಾಕಿ ಮುಂದೆ ಇಡ್ಬೇಕು.

ಕೆಲಸ ಎರಡು ಥರದ್ದು ಇರ್ಬೋದು. ಒಂದು, ಪರದೆ ಮುಂದೆ ಕೂತೇ ಪೂರ್ತಿ ಮಾಡಿ ಮುಗಿಸೋ ಅಂಥದ್ದು. ಇದಕ್ಕೆ ಒಳ್ಳೊಳ್ಳೆ ಉದಾಹರಣೆಗಳಿದಾವೆ, ಹೊಸದಾಗಿ ಏನೂ ಕಂಡುಹಿಡೀಬೇಕಾಗಿಲ್ಲ. 2010ರ ಜನವರಿ 12ಕ್ಕೆ ಹೈಟಿಯಲ್ಲಿ ಭೂಕಂಪ ಆದಾಗ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ಗೆ ಸರಿಯಾದ ನಕ್ಷೆನೇ ಇರ್ಲಿಲ್ಲ, ಪ್ರಪಂಚದ ಎಲ್ಲೆಲ್ಲೋ ಕೂತಿದ್ದ ಸ್ವಯಂಸೇವಕರು ಉಪಗ್ರಹದ ಚಿತ್ರ ನೋಡ್ಕೊಂಡು ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ, ಯಾರು ಬೇಕಾದ್ರೂ ಸೇರಿಸ್ಬೋದಾದ ಆನ್‌ಲೈನ್ ನಕ್ಷೆಯಲ್ಲಿ ರಸ್ತೆ, ಕಟ್ಟಡ ಎಲ್ಲಾ ಗುರುತು ಹಾಕಿದ್ರು, ಅದನ್ನ ಅಲ್ಲಿ ನೆಲದ ಮೇಲೆ ಕೆಲಸ ಮಾಡ್ತಿದ್ದ ಪರಿಹಾರ ತಂಡಗಳು ಬಳಸಿದ್ವು. 2014ರಲ್ಲಿ ಶುರುವಾದ ಮಿಸ್ಸಿಂಗ್ ಮ್ಯಾಪ್ಸ್ ಅನ್ನೋ ಯೋಜನೆ ಇದನ್ನೇ ಮುಂಚಿತವಾಗಿ ಮಾಡತ್ತೆ, ವಿಪತ್ತು ಬರೋ ತನಕ ಕಾಯೋದಿಲ್ಲ. ಇನ್ನು ಬಿ ಮೈ ಐಸ್ ಅಂತ ಒಂದು ಆಪ್ ಇದೆ, 2015ರಲ್ಲಿ ಬಂದಿದ್ದು, ಕಣ್ಣು ಕಾಣದವರು ವಿಡಿಯೋ ಕಾಲ್ ಮಾಡಿದ್ರೆ ಈ ಕಡೆ ಇರೋ ಸ್ವಯಂಸೇವಕರು ಡಬ್ಬಿ ಮೇಲೆ ಏನು ಬರೆದಿದೆ, ಔಷಧಿಯ ತಾರೀಕು ಮುಗಿದಿದೆಯಾ ಅಂತ ಓದಿ ಹೇಳ್ತಾರೆ. ಲಿಬ್ರಿವಾಕ್ಸ್‌ನಲ್ಲಿ 2005ರಿಂದ ಜನ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನ ಅಧ್ಯಾಯ ಹಂಚ್ಕೊಂಡು ಓದಿ ರೆಕಾರ್ಡ್ ಮಾಡ್ತಿದಾರೆ. 2000ದಲ್ಲಿ ಶುರುವಾದ ಡಿಸ್ಟ್ರಿಬ್ಯೂಟೆಡ್ ಪ್ರೂಫ್‌ರೀಡರ್ಸ್‌ನಲ್ಲಿ ಹಳೇ ಪುಸ್ತಕಗಳ ಕರಡನ್ನ ಒಂದೊಂದೇ ಪುಟ ತಿದ್ದೋದು.

ಈ ಎಲ್ಲದ್ರಲ್ಲೂ ಒಂದು ಸಮಾನ ಗುಣ ಇದೆ, ಗಮನಿಸಿ. ಕೆಲಸನ ಸಣ್ಣ ಸಣ್ಣ ತುಂಡು ಮಾಡಿಟ್ಟಿದಾರೆ. ಒಂದು ಪುಟ, ಒಂದು ಅಧ್ಯಾಯ, ನಕ್ಷೆಯ ಒಂದು ಚೌಕ, ಒಂದು ಫೋನ್ ಕಾಲು. ಅರ್ಧ ಗಂಟೆ ಸಿಕ್ಕಿದ್ರೆ ಒಂದು ತುಂಡು ಮುಗಿಸಿ ಎದ್ದು ಹೋಗ್ಬೋದು, ಯಾರಿಗೂ ಕಾಯೋ ಹಾಗಿಲ್ಲ. ನಿಮ್ಮ ಕ್ಲಬ್ಬಿನ ಕೆಲಸ ಯಾವುದೇ ಆಗ್ಲಿ, ಅದನ್ನ ಅರ್ಧ ಗಂಟೆಯ ತುಂಡು ಮಾಡೋಕೆ ಆಗತ್ತಾ ಅಂತ ಮೊದಲು ನೋಡಿ. ಆಗಲ್ಲ ಅಂದ್ರೆ ಮೊದಲ ವರ್ಷಕ್ಕೆ ಆ ಕೆಲಸ ಬೇಡ.

ಎರಡನೇ ಥರದ್ದು, ಎಲ್ರೂ ಒಂದೇ ಕೆಲಸನ ಅವರವರು ಇರೋ ಜಾಗದಲ್ಲಿ ಮಾಡೋದು. ಈ ತಿಂಗಳು ನಾವೆಲ್ಲ ನಮ್ಮ ಅಕ್ಕಪಕ್ಕದಲ್ಲಿ ಒಂಟಿಯಾಗಿರೋ ಒಬ್ಬ ಹಿರಿಯರನ್ನ ಎರಡು ಸಲ ಭೇಟಿ ಮಾಡಿ ಬರ್ತೀವಿ ಅಂತ ಇಟ್ಕೊಳ್ಳಿ, ಆಮೇಲೆ ಮೀಟಿಂಗಲ್ಲಿ ಏನಾಯ್ತು ಅಂತ ಹಂಚ್ಕೊಳ್ಳೋದು. ನನಗೆ ಇದು ಹೆಚ್ಚು ಇಷ್ಟ, ಯಾಕಂದ್ರೆ ಇದ್ರಲ್ಲಿ ಕೈ, ಕಾಲು, ಮುಖ ಎಲ್ಲಾ ಇರತ್ತೆ, ಪರದೆ ಬರೀ ಸೇರ್ಕೊಳ್ಳೋ ಜಾಗ ಆಗತ್ತೆ. ನಮ್ಮ ಕ್ಲಬ್ ಚೇತರಿಸ್ಕೊಂಡಿದ್ದು ಹೀಗೇನೇ. ಒಬ್ಬ ಮೆಂಬರು, ಸಂಕೋಚದ ಸ್ವಭಾವ, ಆರು ತಿಂಗಳು ಕ್ಯಾಮೆರಾ ಆನ್ ಮಾಡಿದ್ದೇ ಇಲ್ಲ, ತಮ್ಮ ಬೀದಿಯ ಒಬ್ಬ ವಯಸ್ಸಾದ ಮೇಷ್ಟ್ರಿಗೆ ವಾರಕ್ಕೊಂದು ಸಲ ಪೇಪರ್ ಓದಿ ಹೇಳ್ತಿದ್ದ ವಿಷಯ ಹೇಳೋಕೆ ಶುರು ಮಾಡಿದ್ರು, ಅವತ್ತು ಹತ್ತು ನಿಮಿಷ ಯಾರೂ ಮಧ್ಯ ಬಾಯಿ ಹಾಕ್ಲಿಲ್ಲ. ಮುಂದಿನ ತಿಂಗಳು ಇನ್ನೂ ಐದು ಜನ ಅದೇ ಕೆಲಸ ಶುರು ಮಾಡಿದ್ರು.

ಹಾಗಾಗಿ ನನ್ನ ಸಲಹೆ, ಐದಾರು ಜನ ಮಾತ್ರ ಸೇರಿ, ಹೆಸರು ಲೋಗೋ ಏನೂ ಇಲ್ದೆ, ಎರಡು ತಿಂಗಳು ಒಂದು ಸಣ್ಣ ಕೆಲಸ ಮಾಡಿ ಮುಗಿಸಿ. ಮುಗಿಸಿದ್ರೆ ಆ ಐದಾರು ಜನನೇ ನಿಮ್ಮ ಕ್ಲಬ್ಬಿನ ಬೇರು. ಮುಗಿಸೋಕೆ ಆಗ್ಲಿಲ್ಲ ಅಂದ್ರೆ ಕೆಲಸ ಬದಲಾಯಿಸಿ ಇನ್ನೊಂದ್ಸಲ ಪ್ರಯತ್ನ ಮಾಡಿ, ಆಗ ಜನ ಸೇರಿಸೋಕೆ ಹೋಗ್ಬೇಡಿ.

ದೊಡ್ಡ ಸಂಸ್ಥೆ ಜೊತೆಗೋ, ಸ್ವಂತವಾಗೋ

ರೋಟರಿ, ಲಯನ್ಸ್ ಥರ ಸಂಸ್ಥೆ ಅಡಿಯಲ್ಲಿ ಶುರು ಮಾಡಿದ್ರೆ ಎರಡರಲ್ಲೂ ಹೊಸ ಕ್ಲಬ್ಬಿಗೆ ಚಾರ್ಟರ್, ಅಂದ್ರೆ ಸಂಸ್ಥೆಯ ಮಾನ್ಯತೆ, ಸಿಗ್ಬೇಕಾದ್ರೆ ಕನಿಷ್ಠ 20 ಜನ ಬೇಕು. ವರ್ಷಕ್ಕೆ ಸದಸ್ಯತ್ವದ ಹಣ ಕಟ್ಬೇಕು, ಜಿಲ್ಲೆ (ಸಂಸ್ಥೆ ತನ್ನ ಕ್ಲಬ್ಬುಗಳನ್ನ ಸೇರಿಸಿ ಮಾಡಿದ ಗುಂಪು), ಅದಕ್ಕೊಬ್ಬ ಗವರ್ನರ್ ಅಂತ ಒಂದು ಚೌಕಟ್ಟು ಇರತ್ತೆ, ಅವರ ವರ್ಷ ಜುಲೈ 1ಕ್ಕೆ ಶುರುವಾಗತ್ತೆ. ಬದಲಿಗೆ ನಿಮಗೆ ಸಿಗೋದು ಹೆಸರಿನ ಮೇಲೆ ಜನರ ನಂಬಿಕೆ, ಅನುಭವ ಇರೋರ ಕೈಹಿಡಿದು ನಡೆಸೋ ಸಹಾಯ, ದೊಡ್ಡ ಕೆಲಸಕ್ಕೆ ಅನುದಾನ ಕೇಳೋ ದಾರಿ. ಸ್ವಂತವಾಗಿ ಮಾಡಿದ್ರೆ ಸ್ವಾತಂತ್ರ್ಯ ಜಾಸ್ತಿ, ಆದ್ರೆ ನಿಯಮಾವಳಿ ನೀವೇ ಬರೀಬೇಕು, ಹಣ ಸಂಗ್ರಹ ಮಾಡೋದಾದ್ರೆ ನಿಮ್ಮ ದೇಶದ ಕಾನೂನು ಪ್ರಕಾರ ನೋಂದಣಿ ಮಾಡಿಸ್ಬೇಕು. ಹಣದ ವ್ಯವಹಾರನೇ ಇಲ್ದೆ ಬರೀ ಸಮಯ ಕೊಡೋ ಕ್ಲಬ್ ಆದ್ರೆ ಶುರುವಲ್ಲಿ ಸ್ವಂತವಾಗೇ ಇರಿ, ಆಮೇಲೆ ಬೇಕಾದ್ರೆ ಸೇರ್ಬೋದು.

ದೊಡ್ಡ ಸಂಸ್ಥೆಗೆ ಸೇರೋದಾದ್ರೆ 20 ಜನ ಆದ ತಕ್ಷಣ ಅರ್ಜಿ ಹಾಕ್ಬೇಡಿ. ಆ ಇಪ್ಪತ್ತರಲ್ಲಿ ಎಷ್ಟು ಜನ ನಿಮ್ಮ ಮಾತಿಗೆ ಇಲ್ಲ ಅನ್ನೋಕಾಗ್ದೆ ಹೆಸರು ಕೊಟ್ಟಿದಾರೆ ಅಂತ ಪ್ರಾಮಾಣಿಕವಾಗಿ ಎಣಿಸಿ. ನಮ್ಮಲ್ಲಿ ಅರ್ಧಕ್ಕರ್ಧ ಹಾಗಿದ್ರು, ವರ್ಷದ ಹಣ ಕಟ್ಟೋ ಹೊತ್ತಿಗೆ ಒಬ್ಬೊಬ್ರಾಗೇ ಸುಮ್ನಾದ್ರು. ಅವರ ಮೇಲೆ ನನಗೆ ಬೇಜಾರಿಲ್ಲ, ಅವರನ್ನ ಹಾಗೆ ಸೇರಿಸಿದ್ದು ನಮ್ಮ ತಪ್ಪು.

ಮೀಟಿಂಗು

ರೋಟರಿಗೆ ಆ ಹೆಸರು ಬಂದಿದ್ದು ಹೇಗೆ ಅಂದ್ರೆ, 1905ರ ಫೆಬ್ರವರಿ 23ಕ್ಕೆ ಷಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನೋ ವಕೀಲರು ಮೂರು ಜನ ಗೆಳೆಯರ ಜೊತೆ ಸೇರಿ ಶುರು ಮಾಡಿದಾಗ ಒಂದು ಸಲ ಒಬ್ರ ಆಫೀಸಲ್ಲಿ, ಇನ್ನೊಂದು ಸಲ ಇನ್ನೊಬ್ರ ಆಫೀಸಲ್ಲಿ ಅಂತ ಸರದಿ ಮೇಲೆ ಸೇರ್ತಿದ್ರು. ಆನ್‌ಲೈನ್ ಕ್ಲಬ್ಬಲ್ಲಿ ಜಾಗ ಸರದಿ ಮಾಡೋ ಪ್ರಶ್ನೆ ಇಲ್ಲ, ಆದ್ರೆ ಹೊತ್ತು ಸರದಿ ಮೇಲೆ ಹೋಗ್ಬೇಕು. ಬೇರೆ ಬೇರೆ ದೇಶದಲ್ಲಿ ಮೆಂಬರ್‌ಗಳಿದ್ರೆ ಯಾರಿಗೋ ಒಬ್ರಿಗೆ ಅದು ಬೆಳಗಿನ ಜಾವ ಆಗೇ ಆಗತ್ತೆ. ಯಾವಾಗ್ಲೂ ಅದೇ ವ್ಯಕ್ತಿ ಬೆಳಗಿನ ಜಾವ ಏಳೋ ಹಾಗೆ ಮಾಡಿದ್ರೆ ಎರಡು ತಿಂಗಳಲ್ಲಿ ಅವರು ಬರೋದು ನಿಲ್ಲಿಸ್ತಾರೆ, ಕಾರಣನೂ ಹೇಳಲ್ಲ. ಒಂದು ಸಲ ಈ ಕಡೆಯೋರಿಗೆ ಅನುಕೂಲ, ಮುಂದಿನ ಸಲ ಆ ಕಡೆಯೋರಿಗೆ. ಆಹ್ವಾನ ಕಳಿಸುವಾಗ ಸಮಯನ ಯುಟಿಸಿ, ಅಂದ್ರೆ ಇಡೀ ಪ್ರಪಂಚಕ್ಕೆ ಒಂದೇ ಆದ ಸಮಯದ ಲೆಕ್ಕದಲ್ಲೂ ಬರೀರಿ, ಕ್ಯಾಲೆಂಡರ್ ಲಿಂಕ್ ಕಳಿಸಿದ್ರೆ ಅದು ಅವರವರ ಗಡಿಯಾರಕ್ಕೆ ತಾನೇ ಹೊಂದ್ಕೊಳ್ಳತ್ತೆ.

ಮಾರ್ಚ್ ತಿಂಗಳಲ್ಲಿ ವಿಶೇಷ ಎಚ್ಚರ ಇರ್ಲಿ. ಅಮೆರಿಕದಲ್ಲಿ ಗಡಿಯಾರನ ಒಂದು ಗಂಟೆ ಮುಂದಕ್ಕಿಡೋದು ಮಾರ್ಚಿನ ಎರಡನೇ ಭಾನುವಾರ, ಯುರೋಪಲ್ಲಿ ಕೊನೇ ಭಾನುವಾರ, ಇನ್ನು ಎಷ್ಟೋ ದೇಶಗಳಲ್ಲಿ ಆ ಪದ್ಧತಿನೇ ಇಲ್ಲ, ಹಾಗಾಗಿ ಮಧ್ಯದ ಎರಡು ಮೂರು ವಾರ ಎಲ್ರ ಲೆಕ್ಕನೂ ಏರುಪೇರು. ನಾವು ಒಬ್ಬ ಅತಿಥಿ ವೈದ್ಯರನ್ನ ಮಾತಾಡೋಕೆ ಕರೆದು, ಅವರು ಒಂದು ಗಂಟೆ ಮುಂಚೆ ಬಂದು ಖಾಲಿ ಕೋಣೆ ನೋಡ್ಕೊಂಡು ವಾಪಸ್ ಹೋಗಿದ್ರು, ಇವತ್ತಿಗೂ ನೆನೆಸ್ಕೊಂಡ್ರೆ ಸಂಕಟ ಆಗತ್ತೆ.

ಮೀಟಿಂಗ್ ನಲವತ್ತು ನಿಮಿಷ ಸಾಕು. ಝೂಮ್ ಫ್ರೀ ಅಕೌಂಟಲ್ಲಿ 40 ನಿಮಿಷಕ್ಕೆ ತಾನೇ ನಿಲ್ಲತ್ತೆ, ನಾವು ಅದನ್ನೇ ನಿಯಮ ಮಾಡ್ಕೊಂಡ್ವಿ. ಮೊದಲು ಹೋದ ಸಲದಿಂದ ಈಚೆಗೆ ಯಾರು ಏನು ಮಾಡಿದ್ರು ಅನ್ನೋದು, ಇದಕ್ಕೆ ಅರ್ಧ ಸಮಯ. ಅತಿಥಿ ಭಾಷಣ, ವರದಿ, ಪ್ರಕಟಣೆ ಇವೆಲ್ಲ ಆಮೇಲೆ. ತುಂಬಾ ಕ್ಲಬ್ಬುಗಳಲ್ಲಿ ಉಲ್ಟಾ ಇರತ್ತೆ, ಸ್ವಾಗತ ಭಾಷಣ, ಪರಿಚಯ, ವಂದನಾರ್ಪಣೆ ಮುಗಿಯೋ ಹೊತ್ತಿಗೆ ಕೆಲಸ ಮಾಡ್ದೋರಿಗೆ ಮಾತಾಡೋಕೆ ಎರಡು ನಿಮಿಷನೂ ಸಿಗಲ್ಲ.

ಮತ್ತೆ, ಬರೋಕಾಗದೇ ಇರೋರಿಗೆ ಒಂದು ದಾರಿ ಇರ್ಲೇಬೇಕು. ಹಳೇ ಇ-ಕ್ಲಬ್ಬುಗಳದ್ದು ಹೇಳಿದ್ನಲ್ಲ, ಅದನ್ನೇ ನಾವು ಎರಡನೇ ವರ್ಷ ತಂದಿದ್ದು. ಒಂದು ಕಾಲದಲ್ಲಿ ರೋಟರಿ ನಿಯಮದಲ್ಲಿ, ಮೀಟಿಂಗ್ ತಪ್ಪಿಸ್ಕೊಂಡೋರು ಕ್ಲಬ್ ವೆಬ್‌ಸೈಟಲ್ಲಿ ಸರಾಸರಿ 30 ನಿಮಿಷ ಹಿಡಿಯೋ ಚಟುವಟಿಕೆಯಲ್ಲಿ ಭಾಗವಹಿಸಿದ್ರೆ ಹಾಜರಿ ಅಂತ ಲೆಕ್ಕ ಇತ್ತು. ನಾವೂ ಹಾಗೇ, ಮೀಟಿಂಗ್ ರೆಕಾರ್ಡಿಂಗು, ಒಂದು ಪುಟದ ಟಿಪ್ಪಣಿ ಹಾಕಿ, ಕೊನೇಲಿ ಒಂದು ಪ್ರಶ್ನೆ ಇಡ್ತೀವಿ, ಉತ್ತರ ಬರೆದ್ರೆ ಅವರು ಬಂದ ಹಾಗೇ. ರಾತ್ರಿ ಪಾಳಿ ಮಾಡೋ ನರ್ಸುಗಳು, ಪುಟ್ಟ ಮಕ್ಕಳಿರೋ ತಾಯಂದಿರು, ಮನೇಲಿ ಹಾಸಿಗೆ ಹಿಡಿದೋರನ್ನ ನೋಡ್ಕೊಳ್ಳೋರು, ಇವರೆಲ್ಲ ಊರಿನ ಕ್ಲಬ್ಬಿಗೆ ಹೋಗೋಕಾಗದೆ ಆನ್‌ಲೈನ್ ಹುಡುಕ್ಕೊಂಡು ಬಂದಿರ್ತಾರೆ, ಇಲ್ಲೂ ಇಂಥ ಹೊತ್ತಿಗೇ ಬನ್ನಿ ಅಂದ್ರೆ ಅವರಿಗೆ ಇನ್ನೆಲ್ಲಿ ಜಾಗ?

ದುಡ್ಡು, ಪಾಸ್‌ವರ್ಡು

ಇದನ್ನ ಯಾರೂ ಮೊದಲು ಯೋಚಿಸಲ್ಲ, ಕ್ಲಬ್ಬುಗಳು ಮುರಿಯೋದು ಮಾತ್ರ ಇದ್ರಿಂದಾನೇ. ಸ್ನೇಹ ಸ್ನೇಹಾನೇ, ಲೆಕ್ಕ ಲೆಕ್ಕಾನೇ.

ಯಾವ ಕಾರಣಕ್ಕೂ ಒಬ್ರ ಸ್ವಂತ ಅಕೌಂಟಿಗೆ ಕ್ಲಬ್ಬಿನ ದುಡ್ಡು ಹೋಗ್ಬಾರ್ದು, ಅವರು ಎಷ್ಟೇ ಒಳ್ಳೆಯವರಾಗಿದ್ರೂ. ಕ್ಲಬ್ ಹೆಸರಲ್ಲಿ ಖಾತೆ, ಇಬ್ರ ಸಹಿ ಅಥವಾ ಇಬ್ರ ಒಪ್ಪಿಗೆ ಇಲ್ದೆ ದುಡ್ಡು ಹೊರಗೆ ಹೋಗದ ಹಾಗೆ, ತಿಂಗಳಿಗೊಮ್ಮೆ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಮೆಂಬರ್‌ಗಳ ಮುಂದೆ. ಸೇವೆಗೆ ಅಂತ ಜನರಿಂದ ಬಂದ ದುಡ್ಡು ಬೇರೆ, ಕ್ಲಬ್ ನಡೆಸೋಕೆ ಮೆಂಬರ್‌ಗಳು ಕೊಟ್ಟ ದುಡ್ಡು ಬೇರೆ. ಲಯನ್ಸಲ್ಲಿ ಇದು ಕಟ್ಟುನಿಟ್ಟು, ಸಾರ್ವಜನಿಕರಿಂದ ಎತ್ತಿದ ಹಣ ಸಾರ್ವಜನಿಕರಿಗೇ ಹೋಗ್ಬೇಕು, ಆಡಳಿತದ ಖರ್ಚಿಗೆ ಮುಟ್ಟೋ ಹಾಗಿಲ್ಲ. ನೀವು ಯಾವ ಸಂಸ್ಥೆಗೂ ಸೇರದೇ ಇದ್ರೂ ಈ ನಿಯಮ ಇಟ್ಕೊಳ್ಳಿ. ಝೂಮ್ ಚಂದಾ, ವೆಬ್‌ಸೈಟ್ ಖರ್ಚು ಇವನ್ನೆಲ್ಲ ದಾನದ ದುಡ್ಡಲ್ಲಿ ಕಟ್ಬೇಡಿ. ದೇಶದಿಂದ ದೇಶಕ್ಕೆ ದುಡ್ಡು ಕಳಿಸೋ ವಿಷಯ ಬಂದ್ರೆ ಮೊದಲು ಲೆಕ್ಕಪತ್ರ ಗೊತ್ತಿರೋರನ್ನ ಕೇಳಿ, ಎಷ್ಟೋ ದೇಶಗಳಲ್ಲಿ ವಿದೇಶಿ ದೇಣಿಗೆಗೆ ಬೇರೇನೇ ಕಾನೂನು ಇರತ್ತೆ, ಒಳ್ಳೇ ಉದ್ದೇಶ ಇತ್ತು ಅಂತ ಅಲ್ಲಿ ಹೇಳೋಕಾಗಲ್ಲ.

ಪಾಸ್‌ವರ್ಡ್ ವಿಷಯ ಇನ್ನೂ ಸೂಕ್ಷ್ಮ. ನಮ್ಮ ವೆಬ್‌ಸೈಟಿನ ಡೊಮೈನ್, ಅಂದ್ರೆ ಸೈಟಿನ ವಿಳಾಸ, ಒಬ್ಬ ಉತ್ಸಾಹಿ ಹುಡುಗನ ಸ್ವಂತ ಇಮೇಲಲ್ಲಿ ರಿಜಿಸ್ಟರ್ ಆಗಿತ್ತು, ಅವನಿಗೆ ಹೊಸ ಕೆಲಸ ಸಿಕ್ತು, ಆ ಇಮೇಲ್ ನೋಡೋದು ನಿಲ್ಲಿಸ್ದ, ನವೀಕರಣದ ನೆನಪೋಲೆಗಳೆಲ್ಲ ಅಲ್ಲೇ ಬಿದ್ದಿದ್ವು, ಒಂದಿನ ಸೈಟೇ ಇಲ್ಲ. ಎರಡು ವರ್ಷದ ಟಿಪ್ಪಣಿಗಳಲ್ಲಿ ಅರ್ಧ ಹೋಯ್ತು. ಹಾಗಾಗಿ ಕ್ಲಬ್ಬಿಗೇ ಅಂತ ಒಂದು ಇಮೇಲ್ ಮಾಡಿ, ಡೊಮೈನು, ಝೂಮು, ಫೇಸ್‌ಬುಕ್ ಪೇಜು ಎಲ್ಲಾ ಅದ್ರಿಂದ ತೆಗೀರಿ, ಕನಿಷ್ಠ ಇಬ್ರ ಕೈಲಿ ಅದರ ಕೀಲಿ ಇರ್ಲಿ, ಎರಡು ಹಂತದ ಲಾಗಿನ್ ಹಾಕಿದ್ರೆ ಬ್ಯಾಕಪ್ ಕೋಡ್‌ಗಳನ್ನ ಕಾಗದದ ಮೇಲೆ ಬರೆದು ಕಾರ್ಯದರ್ಶಿ ಹತ್ರ ಇಡಿ. ಟಿಪ್ಪಣಿಗಳ ಒಂದು ಪ್ರತಿ ಯಾರಾದ್ರೂ ಒಬ್ರ ಕಂಪ್ಯೂಟರಲ್ಲೂ ಇರ್ಲಿ.

ಮಕ್ಕಳ ಜೊತೆ ಕೆಲಸ ಮಾಡೋ ಕ್ಲಬ್ ಆದ್ರೆ ಮೊದಲನೇ ದಿನದಿಂದ್ಲೇ ಒಂದು ನಿಯಮ: ಯಾವ ವಿಡಿಯೋ ಕಾಲ್‌ನಲ್ಲೂ ಮಗುವಿನ ಜೊತೆ ಒಬ್ರೇ ದೊಡ್ಡವರು ಇರ್ಬಾರ್ದು, ಇಬ್ರು ಇರ್ಲೇಬೇಕು, ಖಾಸಗಿ ಮೆಸೇಜ್ ಇಲ್ವೇ ಇಲ್ಲ. ಸಹಾಯ ಪಡ್ಕೊಂಡೋರ ಫೋಟೋ ಅವರು ಬೇಡ ಅಂದ್ರೆ ಬೇಡ, ಮಕ್ಕಳದ್ದಾದ್ರೆ ಹೆತ್ತವರ ಒಪ್ಪಿಗೆ ಬರವಣಿಗೆಯಲ್ಲಿ. ಇದ್ರಲ್ಲಿ ರಿಯಾಯಿತಿ ಕೊಡ್ಬೇಡಿ.

ಬೆಳೆಯೋದು

ಎಷ್ಟು ಮೆಂಬರ್ ಇದಾರೆ ಅಂತ ಎಣಿಸ್ಬೇಡಿ, ಈ ತಿಂಗಳು ಒಂದಾದ್ರೂ ಕೆಲಸ ಮಾಡ್ದೋರು ಎಷ್ಟು ಜನ ಅಂತ ಎಣಿಸಿ. ವಾಟ್ಸಾಪ್ ಗ್ರೂಪಿಗೆ 1024 ಜನ ಹಿಡೀತಾರೆ, ಅದು ಗ್ರೂಪಿನ ಅಳತೆ ಅಷ್ಟೇ. ನಾವು ತಿಂಗಳ ಕೊನೇಲಿ ಒಂದೇ ಒಂದು ಸಂಖ್ಯೆ ಬರೆದಿಡ್ತೀವಿ, ಕೆಲಸ ಮಾಡ್ದೋರ ಸಂಖ್ಯೆ, ಅದು ಎರಡು ತಿಂಗಳು ಇಳಿದ್ರೆ ಹೊಸಬರನ್ನ ಸೇರಿಸೋದು ನಿಲ್ಲಿಸಿ ಹಳಬರಿಗೆ ಫೋನ್ ಮಾಡ್ತೀವಿ. ಮೆಸೇಜ್ ಅಲ್ಲ, ಫೋನು. ಹೇಗಿದೀರಿ, ಮನೇಲಿ ಎಲ್ಲಾ ಆರಾಮಾ ಅಂತ. ಮೀಟಿಂಗಿಗೆ ಯಾಕೆ ಬರ್ಲಿಲ್ಲ ಅಂತ ಕೇಳೋದಿಲ್ಲ. ಎಷ್ಟೋ ಸಲ ಆ ಕಡೆ ಯಾರಿಗೋ ಹುಷಾರಿಲ್ಲ, ಕೆಲಸ ಹೋಗಿದೆ, ಅಂತ ಗೊತ್ತಾಗತ್ತೆ, ಸೇವಾ ಕ್ಲಬ್ ಅಂದ್ಮೇಲೆ ಅಲ್ಲಿಗೂ ಸೇವೆ ಹೋಗ್ಬೇಕಲ್ವಾ. ಊರಿನ ಕ್ಲಬ್ಬಲ್ಲಿ ಎದುರಿಗೆ ಸಿಕ್ಕಾಗ ಮುಖ ನೋಡಿ ಗೊತ್ತಾಗೋದು ಇಲ್ಲಿ ಫೋನ್ ಮಾಡ್ದೆ ಗೊತ್ತಾಗಲ್ಲ.

ಹೊಸಬರು ಬಂದ್ರೆ ಮೊದಲ ಹದಿನೈದು ದಿನದೊಳಗೆ ಅವರ ಕೈಗೆ ಒಂದು ಸಣ್ಣ ಕೆಲಸ ಕೊಡಿ, ಜೊತೆಗೆ ಒಬ್ಬ ಹಳೇ ಮೆಂಬರನ್ನ ಜೋಡಿ ಮಾಡಿ. ಮೊದಲು ಕೆಲವು ಮೀಟಿಂಗ್ ಸುಮ್ನೆ ನೋಡಿ ಆಮೇಲೆ ಹೇಳ್ತೀವಿ ಅಂದ್ರೆ ಅವರು ನೋಡೋರಾಗೇ ಉಳ್ಕೊಳ್ತಾರೆ. ಚಂದಾನೂ ಮೂರು ತಿಂಗಳಾದ್ಮೇಲೆ ಕೇಳಿ.

ಆರಂಭಶೂರರ ಬಗ್ಗೆ ಒಂದು ಮಾತು. ಬಂದ ದಿನಾನೇ ಹತ್ತು ಯೋಜನೆ ಹೇಳೋರು ಸಿಕ್ತಾರೆ, ಅವರನ್ನ ತಡೀಬೇಡಿ, ಹತ್ತರಲ್ಲಿ ಒಂದನ್ನ ಆರಿಸಿ ನೀವೇ ಮುಗಿಸಿ ಅಂತ ಕೈಗೆ ಕೊಡಿ. ಮುಗಿಸಿದ್ರೆ ಕ್ಲಬ್ಬಿಗೆ ಒಳ್ಳೇ ನಾಯಕರು ಸಿಕ್ಕ ಹಾಗೆ.

ಮೆಂಬರ್‌ಗಳು ನಲವತ್ತು ದಾಟಿದ್ಮೇಲೆ ಒಂದು ವಿಡಿಯೋ ಕಾಲ್‌ನಲ್ಲಿ ಎಲ್ರಿಗೂ ಮಾತಾಡೋಕೆ ಆಗಲ್ಲ, ಆಗ ಆರೇಳು ಜನರ ಚಿಕ್ಕ ಗುಂಪುಗಳನ್ನ ಮಾಡಿ, ಕೆಲಸದ ಪ್ರಕಾರ, ಓದಿ ಹೇಳೋರದ್ದು ಒಂದು, ನಕ್ಷೆ ಮಾಡೋರದ್ದು ಒಂದು, ಹೀಗೆ. ಗುಂಪುಗಳು ಅವರ ಪಾಡಿಗೆ ಸೇರ್ಲಿ, ಎಲ್ರೂ ತಿಂಗಳಿಗೊಂದು ಸಲ ಒಟ್ಟಿಗೆ. ಅನುಕೂಲ ಆದ್ರೆ ವರ್ಷಕ್ಕೊಮ್ಮೆಯಾದ್ರೂ ಹತ್ತಿರ ಹತ್ತಿರ ಇರೋರು ಎದುರುಬದುರು ಸಿಕ್ಕಿ, ಅದಾದ್ಮೇಲೆ ಪರದೆ ಮೇಲೆ ಮಾತಾಡೋ ರೀತಿನೇ ಬೇರೆ ಆಗತ್ತೆ.

ಇನ್ನು ಪದಾಧಿಕಾರಿಗಳು ಬದಲಾಗೋ ಹೊತ್ತು. ವರ್ಷಕ್ಕೊಮ್ಮೆ ಬದಲಾಯಿಸ್ಲೇಬೇಕು, ಎಷ್ಟೇ ಚೆನ್ನಾಗಿ ಮಾಡ್ತಿದ್ರೂ. ಬದಲಾಗೋಕೆ ಎರಡು ತಿಂಗಳು ಮುಂಚೆ ಮುಂದಿನೋರ ಹೆಸರು ನಿರ್ಧಾರ ಆಗಿರ್ಲಿ, ಆ ಎರಡು ತಿಂಗಳು ಮೀಟಿಂಗ್ ಅವರೇ ನಡೆಸ್ಲಿ, ಹಳಬರು ಪಕ್ಕದಲ್ಲಿ ಕೂತಿರ್ಲಿ. ಕೊನೇ ದಿನ ಪಾಸ್‌ವರ್ಡುಗಳನ್ನ ಕೊಟ್ಟು, ಅವರ ಮುಂದೆನೇ ಬದಲಾಯಿಸೋಕೆ ಹೇಳಿ, ಬ್ಯಾಂಕಲ್ಲಿ ಸಹಿ ಬದಲಾಯಿಸಿ. ಅದಾದ್ಮೇಲೆ ಹಳೇ ಅಧ್ಯಕ್ಷರು ಕನಿಷ್ಠ ಮೂರು ಮೀಟಿಂಗಲ್ಲಿ ಯಾರಾದ್ರೂ ಕೇಳಿದ್ರೆ ಮಾತ್ರ ಮಾತಾಡ್ಬೇಕು. ನಮ್ಮಲ್ಲಿ ಇದನ್ನ ನಿಯಮಾವಳಿಯಲ್ಲೇ ಬರೆದಿದೀವಿ, ಹಳೇ ಅಧ್ಯಕ್ಷರಿಗೆ ಅವತ್ತೇ ಒಂದು ಸಾಮಾನ್ಯ ಕೆಲಸನೂ ಹಂಚ್ತೀವಿ, ಮೊನ್ನೆ ಇಳಿದ ಅಧ್ಯಕ್ಷರು ಈಗ ವಾರಕ್ಕೆ ಎರಡು ಅಧ್ಯಾಯ ಓದಿ ರೆಕಾರ್ಡ್ ಮಾಡ್ತಿದಾರೆ.